ಅಲಬಾಮದ ಹನ್ನೊಂದು ಹೆಸರುಗಳು

ಕೇಳುಗರೆಲ್ಲರಿಗೂ ನಮಸ್ಕಾರ.

1960ರಲ್ಲಿ ಜಾನ್ ಕೆನಡಿಯವರು ರಿಚರ್ಡ್ ನಿಕ್ಸನ್ ಅವರಿಗಿಂತ ಸುಮಾರು 1 ಲಕ್ಷ 13 ಸಾವಿರ ಮತ ಹೆಚ್ಚು ಪಡೆದು ಅಮೆರಿಕದ ಅಧ್ಯಕ್ಷರಾದರು ಎಂದು ಓದಿದ್ದೇವೆ. ಚಲಾವಣೆಯಾಗಿದ್ದ ಮತಗಳು ಆರೂಮುಕ್ಕಾಲು ಕೋಟಿಗೂ ಹೆಚ್ಚು. ನೂರಕ್ಕೆ ಕಾಲು ಪಾಲಿನ ಅಂತರವೂ ಇಲ್ಲ. ಆ ಅಂತರವಾದರೂ ನಿಜವೇ?

ಅಲ್ಲಿ ಜನ ಅಧ್ಯಕ್ಷರನ್ನು ನೇರವಾಗಿ ಆರಿಸುವುದಿಲ್ಲ. ತಮ್ಮ ರಾಜ್ಯದ ಚುನಾಯಕರನ್ನು ಆರಿಸುತ್ತಾರೆ, ಆ ಚುನಾಯಕರು ಅಧ್ಯಕ್ಷರಿಗೆ ಮತ ಹಾಕುತ್ತಾರೆ. ಆ ವರ್ಷ ಅಲಬಾಮ ರಾಜ್ಯಕ್ಕೆ ಹನ್ನೊಂದು ಚುನಾಯಕರು. ಮತದಾರನ ಕೈಯಲ್ಲೂ ಹನ್ನೊಂದು ಮತ, ಒಬ್ಬೊಬ್ಬ ಚುನಾಯಕನಿಗೂ ಬೇರೆ ಬೇರೆ ಎಣಿಕೆ. ಕೆನಡಿಯವರದೇ ಆದ ಡೆಮಾಕ್ರಟಿಕ್ ಪಕ್ಷದ ಹನ್ನೊಂದು ಹೆಸರುಗಳಲ್ಲಿ ಕೆನಡಿಯವರ ಕಡೆಯವರು ಐವರೇ. ಉಳಿದ ಆರು ಮಂದಿ ಯಾರಿಗೂ ಮಾತು ಕೊಟ್ಟವರಲ್ಲ. ಕರಿಯರಿಗೆ ಸಮಾನ ಹಕ್ಕು ಸಿಗುವುದು ಬೇಡವಾಗಿದ್ದ ದಕ್ಷಿಣದ ರಾಜಕಾರಣ ಅದು. ಕೊನೆಗೆ ಆ ಆರೂ ಮಂದಿ, ಕಣದಲ್ಲೇ ಇರದ ಸೆನೆಟರ್ ಹ್ಯಾರಿ ಬರ್ಡ್ ಅವರಿಗೆ ಮತ ಹಾಕಿದರು.

ಈಗ ಹೇಳಿ, ಹನ್ನೊಂದು ಹೆಸರಿಗೂ ಗುರುತು ಹಾಕಿ ಬಂದ ಮತದಾರನನ್ನು ಯಾರ ಖಾತೆಗೆ ಬರೆಯೋಣ? ಕೆನಡಿ ಚುನಾಯಕರಲ್ಲಿ ಅತಿ ಹೆಚ್ಚು ಮತ ಪಡೆದವರ 3 ಲಕ್ಷ 18 ಸಾವಿರವನ್ನು ಇಡಿಯಾಗಿ ಕೆನಡಿಯವರಿಗೇ ಬರೆದರೆ ಪುಸ್ತಕದ ಲೆಕ್ಕ ಬರುತ್ತದೆ. ಕೆನಡಿಯವರಿಗೆ ಐದು, ಮಾತು ಕೊಡದವರಿಗೆ ಆರರಂತೆ ಪಾಲು ಮಾಡಿದರೆ ದೇಶದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಮುಂದಿದ್ದವರು ನಿಕ್ಸನ್! ಎರಡನೆಯದೇ ಹೆಚ್ಚು ನ್ಯಾಯವಾದ ಲೆಕ್ಕ ಎಂದು ನನಗೆ ತೋರುತ್ತದೆ. ಆದರೆ ತೀರ್ಪು ಕೊಡುವವರು ಯಾರೂ ಇಲ್ಲ, ಏಕೆಂದರೆ ದೇಶದ ಒಟ್ಟು ಮತವನ್ನು ಅಮೆರಿಕದ ಸಂವಿಧಾನ ಕೇಳುವುದೇ ಇಲ್ಲ. ಅದು ಕೇಳುವುದು ಚುನಾಯಕರ ಮತವನ್ನು. ಅಲ್ಲಿ ಕೆನಡಿ 303, ನಿಕ್ಸನ್ 219.

ಬಹುತೇಕ ರಾಜ್ಯಗಳಲ್ಲಿ ಹೆಚ್ಚು ಮತ ಪಡೆದವರಿಗೇ ಆ ರಾಜ್ಯದ ಎಲ್ಲ ಚುನಾಯಕರು. ಹೀಗಾಗಿಯೇ 2020ರಲ್ಲಿ ಜೋ ಬೈಡನ್ ಅವರಿಗೆ 70 ಲಕ್ಷ ಮತಗಳ ಮುನ್ನಡೆ ಇದ್ದರೂ ಅವರನ್ನು ಕಾಪಾಡಿದ್ದು ಅರಿಜೋನಾ, ಜಾರ್ಜಿಯಾ, ವಿಸ್ಕಾನ್ಸಿನ್‌ಗಳ ಸುಮಾರು 43 ಸಾವಿರದ ಅಂತರ. 2016ರಲ್ಲಿ ಹಿಲರಿ ಕ್ಲಿಂಟನ್ ಅವರಿಗೆ 28 ಲಕ್ಷದ ಮುನ್ನಡೆ ಇದ್ದೂ ಸೋಲು ತಪ್ಪಲಿಲ್ಲ.

2000ದ ನವೆಂಬರ್ ಅಂತೂ ಮರೆಯುವಂಥದ್ದಲ್ಲ. ಫ್ಲಾರಿಡಾದ ಹಲವು ಕಡೆ ಮತಪತ್ರವೆಂದರೆ ತೂತು ಹೊಡೆಯುವ ಕಾರ್ಡು. ತೂತು ಪೂರ್ತಿಯಾಗದೆ ಅಂಚಿನಲ್ಲಿ ಜೋತುಬಿದ್ದ ಕಾಗದದ ಚೂರು ಮತವೋ ಅಲ್ಲವೋ ಎಂದು ಅಧಿಕಾರಿಗಳು ಒಂದೊಂದೇ ಕಾರ್ಡನ್ನು ಬೆಳಕಿಗೆ ಹಿಡಿದು, ಭೂತಗನ್ನಡಿ ಇಟ್ಟು ನೋಡುತ್ತಿದ್ದರು. ಕೊನೆಗೆ ಅಲ್ಲಿ ಜಾರ್ಜ್ ಬುಷ್ ಅವರ ಮುನ್ನಡೆ 537, ಅಧ್ಯಕ್ಷರಾಗಲು ಅಷ್ಟೇ ಸಾಕಾಯಿತು. ಇಡೀ ದೇಶದಲ್ಲಿ ಅಲ್ ಗೋರ್ ಅವರಿಗಿದ್ದ ಸುಮಾರು ಐದೂವರೆ ಲಕ್ಷದ ಮುನ್ನಡೆಯನ್ನು ನೋಡಲು ಭೂತಗನ್ನಡಿ ಬೇಕಿರಲಿಲ್ಲ. ಅದನ್ನು ನೋಡಬೇಕಾದ ಕೆಲಸ ಯಾರಿಗೂ ಇರಲಿಲ್ಲ.