ದೆವ್ವದ ಪಿಚ್ಚರ್ ಮಾಡ್ಬೇಕಾ? ಕ್ಯಾಮೆರಾ ಆಮ್ಯಾಲ, ಮೊದ್ಲ ಇದು ನೋಡ್ರಿ

ನಮಸ್ಕಾರ್ರಿ ಎಲ್ಲಾರ್ಗೂ.

ನಮ್ ಕಲಬುರಗಿ ಬೀದರ್ ಕಡಿ ಕಾಲೇಜ್ ಹುಡುಗ್ರು ಹಾರರ್ ಶಾರ್ಟ್ ಫಿಲ್ಮ್ ಅಂದ ಕೂಡ್ಲೇ ಏನ್ ಮಾಡ್ತಾರ ನಿಮಗೂ ಗೊತ್ತದ, ಬಿಳಿ ಸೀರಿ, ಮುಖದ ಮ್ಯಾಲ ಕೂದಲಾ, ಎಲ್ಲೋ ಡೌನ್‌ಲೋಡ್ ಮಾಡಿದ್ದ ಒಂದ್ ಢಂ ಅನ್ನೋ ಸೌಂಡು, ಆಯ್ತು ಪಿಚ್ಚರ್. ನೋಡಿದವ್ರು ಒಂದ್ಸಲ ಬೆಚ್ಚಿ ಬೀಳ್ತಾರ, ಆಮ್ಯಾಲ ನಗ್ತಾರ. ಇವತ್ತಿನ ವಿಡಿಯೋದಾಗ ನಾ ಕ್ಯಾಮೆರಾ ಯಾವ್ದು, ಲೆನ್ಸ್ ಯಾವ್ದು ಅಂತ ಹೇಳಂಗಿಲ್ಲ, ಶೂಟಿಂಗ್‌ಗಿಂತ ಮೊದ್ಲ ಮಾಡೋ ಕೆಲಸ ಇರ್ತದಲ್ಲ, ಪ್ಲಾನಿಂಗು ರಿಸರ್ಚು, ಅದರದೇ ಮಾತು. ಏಳೆಂಟು ನಿಮಿಷದ ಹಾರರ್ ಥ್ರಿಲ್ಲರ್ ಅಂತ ಇಟ್ಕೊಳ್ರಿ.

ಮೊದ್ಲ ಭಯ ಆರಿಸ್ರಿ, ಕಥಿ ಆಮ್ಯಾಲ. ಹಾಳ ಬಿದ್ದ ಚರ್ಚು, ಮಾತಾಡೋ ಗೊಂಬಿ, ಇವೆಲ್ಲಾ ನಾವು ಮೊಬೈಲ್‌ನಾಗ ನೋಡಿದ ಭಯ. ನಮ್ ಕಡಿ ಜನಾ ಖರೇನ ಹೆದರಿದ್ದು ಯಾವ್ದಕ್ಕ? ಬಾನಾಮತಿಗೆ, ಅಂದ್ರ ಯಾರೋ ಮಾಟ ಮಾಡ್ಯಾರ ಅನ್ನೋ ನಂಬಿಕೆಗೆ. ಮನಿ ಮ್ಯಾಲ ಕಲ್ಲು ಬೀಳ್ತಾವ, ಒಣಗ ಹಾಕಿದ್ ಬಟ್ಟಿಗೆ ತಾನ ಬೆಂಕಿ ಹತ್ತತದ, ಹೆಣ್ಮಕ್ಕಳು ನಾಯಿ ಬೊಗಳಿದಂಗ ಒದರ್ತಾರ, ಅಂತ ಹೇಳೋ ಮಂದಿ ಕಲಬುರಗಿ, ಬೀದರ್, ಯಾದಗಿರಿ ಊರೂರಾಗ ಸಿಗ್ತಾರ, ಆಚೆ ಮರಾಠವಾಡಾ ತೆಲಂಗಾಣದಾಗೂ ಇದೇ ಹೆಸರಿನ ಕಥಿ ಅವ.

ಈಗ ನೋಡ್ರಿ ಇಲ್ಲೇ ಹಾರರ್ ಬ್ಯಾರೆ, ಥ್ರಿಲ್ಲರ್ ಬ್ಯಾರೆ ಆಗ್ತದ. ಮನಿ ತಗಡಿನ ಪತ್ರಾದ ಮ್ಯಾಲ ರಾತ್ರಿ ಕಲ್ಲು ಬಿದ್ವು, ಇದು ಹಾರರ್. ಕಲ್ಲು ಯಾರ್ ಒಗದ್ರು, ಒಗದ್ರ ಯಾರಿಗ್ ಫಾಯ್ದಾ, ಇದು ಥ್ರಿಲ್ಲರ್. ಬಾನಾಮತಿ ಮಾಡ್ಯಾಳ ಅಂತ ಯಾರ ಹೆಸರು ಬರ್ತದ ಅಂತ ಜರ ವಿಚಾರ ಮಾಡ್ರಿ, ಊರ ಗೌಡ್ರ ಹೆಸರು ಬರಲ್ಲ, ಗಂಡ ಇಲ್ಲದಾಕಿ, ಒಬ್ಬಾಕೇ ಇರೋ ಮುದುಕಿ, ಇವ್ರ ಹೆಸರೇ ಮೊದ್ಲ ಬರೋದು. ಅದಕ್ಕ ಆಕೀನ್ನೇ ದೆವ್ವ ಮಾಡಿ ಪಿಚ್ಚರ್ ತೆಗಿಬ್ಯಾಡ್ರಿ ಅಂತ ನನ್ನ ಮಾತು. ಮೊದಲರ್ಧ ಆಕಿ ಮ್ಯಾಲೇ ಡೌಟ್ ಬರಂಗ ಮಾಡ್ರಿ, ಆಮ್ಯಾಲ ಕ್ಯಾಮೆರಾ ತಿರುಗಿಸಿ ಕಲ್ಲು ಹಿಡದ ಕೈ ತೋರಸ್ರಿ.

[ಸ್ಕ್ರೀನ್ ಮ್ಯಾಲ: ಆಯಿ, ಮುತ್ಯಾನ ಹತ್ರ ಏನ್ ಕೇಳ್ಬೇಕು]

ರಿಸರ್ಚ್ ಅಂದ್ರ ಗೂಗಲ್ ಅಷ್ಟೇ ಅಲ್ರಿ. ಮನ್ಯಾಗ ಆಯಿ ಮುತ್ಯಾ ಇದ್ರ ಫೋನ್ ರೆಕಾರ್ಡಿಂಗ್‌ಗೆ ಹಚ್ಚಿ ಕುಂದ್ರಿ, ಆದ್ರ ರೆಕಾರ್ಡ್ ಮಾಡ್ತೀನಿ ಅಂತ ಮೊದ್ಲೇ ಹೇಳ್ರಿ. "ಆಯಿ ನೀ ದೆವ್ವ ನೋಡೀದಿ?" ಅಂತ ಕೇಳಿದ್ರ ನೀವು ಸಣ್ಣವರಿದ್ದಾಗ ಹೇಳಿದ ಕಥೀನೇ ಆಕಿ ಮತ್ತ ಹೇಳ್ತಾಳ. ಹಂಗ ಕೇಳಬ್ಯಾಡ್ರಿ. ಆವತ್ತ ಊರಾಗ ಯಾರ ಹೆಸರು ತಗೊಂಡ್ರು, ಆಕೀಗಿ ಏನ್ ಮಾಡಿದ್ರು, ಈಗ ಆ ಹೊಲ ಆ ಮನಿ ಯಾರ ಹೆಸರಿಗದ, ಹಿಂಗ ಕೇಳ್ರಿ. ಈ ಮೂರನೇ ಪ್ರಶ್ನಿಗೆ ಮುತ್ಯಾ ಸುಮ್ಮನಾದ ಅಂದ್ರ ತಿಳ್ಕೊಳ್ರಿ ನಿಮ್ ಸ್ಕ್ರಿಪ್ಟ್ ಅಲ್ಲೇ ಅದ. ಆದ್ರ ಖರೆ ಊರು, ಖರೆ ಹೆಸರು ಪಿಚ್ಚರ್‌ನಾಗ ತರಬ್ಯಾಡ್ರಿ, ಅವ್ರ ಮಕ್ಕಳು ಮೊಮ್ಮಕ್ಕಳು ಅದೇ ಓಣ್ಯಾಗ ಇರ್ತಾರ.

ಇನ್ನ ಓದೋದು. ನಿಮ್ಹಾನ್ಸ್‌ನಾಗಿದ್ದ ಡಾಕ್ಟರ್ ಸಿ.ಆರ್. ಚಂದ್ರಶೇಖರ್ ಅವ್ರು ದೆವ್ವ ಮೈಮ್ಯಾಲ ಬರೋದು, ಮಾಟ ಮಂತ್ರ, ಇದರ ಬಗ್ಗೆ ಸರಳ ಕನ್ನಡದಾಗ ಬರದಾರ, ಆ್ಯಕ್ಟಿಂಗ್ ಮಾಡೋ ಹುಡುಗಿಗಂತೂ ಇದು ಓದಸ್ಲೇಬೇಕು, ಇಲ್ಲಂದ್ರ ಆಕಿ ಸುಮ್ನ ಕಣ್ ತಿರುಗಿಸಿ ಚೀರತಾಳ. ಮತ್ತ ಕಾನೂನೂ ಅದ, ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿ ಮತ್ತ ವಾಮಾಚಾರ ತಡಿಯೋ ಕಾಯ್ದೆ, 2017ರದ್ದು, ಜಾರಿಗೆ ಬಂದಿದ್ದು 2020ಕ್ಕ. ದೆವ್ವ ಬಿಡಿಸ್ತೀವಿ ಅಂತ ಹೊಡಿಯೋದು ಅಪರಾಧ, ಹಾವು ಚೇಳು ನಾಯಿ ಕಡದವ್ರಿಗೆ ದವಾಖಾನಿಗೆ ಹೋಗ್ಬ್ಯಾಡ ಅಂತ ತಡಿಯೋದೂ ಅಪರಾಧ. ನಿಮ್ ಪಿಚ್ಚರ್‌ನಾಗ ಮಂತ್ರವಾದಿ ಬಂದು ಛಡಿಲಿಂದ ಹೊಡದು ಹುಡುಗಿ ಆರಾಮಾದ್ಳು ಅಂತ ತೋರಿಸಿದ್ರ ನೀವು ಯಾರ ಕಡಿ ನಿಂತಂಗಾಯ್ತು?

ಯಾರ್ ನೋಡ್ಲಿ ಅಂತ ಮಾಡ್ಲಿಕತ್ತೀರಿ ಅದೂ ಈಗೇ ಬರದಿಡ್ರಿ. ಥೇಟರ್‌ಗೆ ಹೋದ್ರ ಸೆನ್ಸಾರ್ ಬೇಕು, 2024ರಿಂದ ಯುಎ (ಮಕ್ಕಳು ದೊಡ್ಡವ್ರ ಸಲಹಿ ಮ್ಯಾಲ ನೋಡೋದು) ಅನ್ನೋದು 7+, 13+, 16+ ಅಂತ ಮೂರಾಗ್ಯಾದ. ಯೂಟ್ಯೂಬ್‌ಗೆ ಸೆನ್ಸಾರ್ ಸರ್ಟಿಫಿಕೇಟ್ ಬ್ಯಾಡ, ಆದ್ರೂ 13+ ಅಂತ ಮನಸ್ಸಿನಾಗ ಇಟ್ಕೊಂಡ್ರ ರಕ್ತ ಎಷ್ಟು ತೋರಿಸ್ಬೇಕು ಅನ್ನೋ ಜಗಳ ಟೀಮ್‌ನಾಗ ಅರ್ಧ ಕಮ್ಮಿ ಆಗ್ತದ. (ರಕ್ತಕ್ಕ ಸಕ್ಕರಿ ಪಾಕ, ಕೆಂಪು ಫುಡ್ ಕಲರ್, ಜರ ಕೋಕೋ ಪೌಡರ್, ಸಾಕು.)

[ಸ್ಕ್ರೀನ್ ಮ್ಯಾಲ: ಲೊಕೇಷನ್]

ಇಲ್ಲಿ ಎಲ್ಲಾರೂ ಕೋಟೆ ಗುಂಬಜ್ ಕಡಿನೇ ಓಡ್ತಾರ, ಖರೆ, ಯಾಕ್ ಓಡಬಾರ್ದು, ಬೀದರ್ ಅಷ್ಟೂರಿನ ಬಹಮನಿ ಗೋರಿಗಳು ನೋಡಿದ್ರ ಅನಸ್ತದ ದೇವ್ರು ನಮ್ ಸಲುವಾಗಿ ಸೆಟ್ ಹಾಕಿ ಕೊಟ್ಟಾನ ಅಂತ. ಅಲ್ಲಿ ಹುಮಾಯೂನ್ ಶಾಹನ ಗೋರಿ ಅದ, 1458ರಿಂದ 1461ರ ತನಕ ಆಳಿದವ, ಜನಾ ಜಾಲಿಮ್, ಅಂದ್ರ ಕ್ರೂರಿ, ಅಂತ ಕರದ್ರು ಅವನಿಗಿ, ಸಿಡಿಲು ಬಡದು ಗುಂಬಜ್ ಒಡದು ಅರ್ಧನೇ ನಿಂತದ, ಒಳಗ ನೋಡಿದ್ರ ಗ್ವಾಡಿ ಎಷ್ಟು ದಪ್ಪ ಅಂತ ಕಾಣಸ್ತದ. ಕಥಿ ತಾನ ಹುಟ್ಟತದ. ಆದ್ರ ಪುರಾತತ್ವ ಇಲಾಖೆ ಸ್ಮಾರಕದಾಗ ಟ್ರೈಪಾಡ್ ಇಡ್ಲಿಕ್ಕ ಪರ್ಮಿಷನ್ ಬೇಕು, ಆ್ಯಕ್ಟರ್ ನಿಲ್ಲಿಸಿ ಶೂಟ್ ಮಾಡ್ಲಿಕ್ಕ ಮೊದ್ಲೇ ಅರ್ಜಿ ಹಾಕ್ಬೇಕು, ಮತ್ತ ಹೊತ್ತ ಮುಳುಗಿದ ಮ್ಯಾಲ ಒಳಗ ಬಿಡಲ್ಲ. ರಾತ್ರಿನೇ ಇಲ್ಲ ಅಂದ್ರ ದೆವ್ವ ಎಲ್ಲಿಂದ್ ತರ್ತೀರಿ? ಡ್ರೋನ್ ಹಾರಿಸೋ ಆಸೆನೂ ಬಿಡ್ರಿ, ಬೀದರ್‌ನಾಗ ಏರ್‌ಫೋರ್ಸ್ ಸ್ಟೇಷನ್ ಅದ, ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸೋ ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪ್ ತಗದು ನೋಡ್ರಿ ಯಾವ ಬಣ್ಣ ತೋರಸ್ತದ ಅಂತ. ಝರಣಿ ನರಸಿಂಹ ಗುಹಾ ಇನ್ನೂ ಭಯಂಕರ ಅಂತೀರಿ, ಎದಿ ಮಟ ನೀರು, ಮ್ಯಾಲ ಬಾವಲಿ, ಆದ್ರ ಅದು ಭಕ್ತರು ಸಾಲು ಹಚ್ಚಿ ಹೋಗೋ ಗುಡಿ, ನಿಮ್ ರೀಟೇಕ್‌ಗೆ ಅವ್ರು ಯಾಕ ಕಾಯಬೇಕು.

ನನಗ ಕೇಳಿದ್ರ ನಮ್ ಕಡಿ ಹಾರರ್‌ಗೆ ತೊಗರಿ ಹೊಲದಂಥ ಜಾಗ ಇನ್ನೊಂದಿಲ್ಲ. 2019ರಾಗ ನಮ್ ತೊಗರಿ ಬ್ಯಾಳಿಗಿ ಜಿಐ ಟ್ಯಾಗ್ ಬಂತು ಅಂತ ಸ್ಟೇಟಸ್ ಹಾಕ್ತೀವಿ, ಆದ್ರ ಒಬ್ಬರೂ ಅದರಾಗ ಕ್ಯಾಮೆರಾ ಇಡ್ಲಿಲ್ಲ. ಜೂನ್ ಜುಲೈದಾಗ ಬಿತ್ತತಾರ, ನವೆಂಬರ್ ಡಿಸೆಂಬರ್‌ಗೆ ಆಳೆತ್ತರ ಬೆಳದು ಒಳಗ ಯಾರ್ ನಿಂತಾರ ಕಾಣಂಗಿಲ್ಲ, ಕಾಯಿ ಒಣಗಿದ ಮ್ಯಾಲ ಗಾಳಿ ಬೀಸಿದ್ರ ಇಡೀ ಹೊಲ ಜಲ್ ಜಲ್ ಅಂತದ, ಗಾಳಿ ನಿಂತ ಮ್ಯಾಲೂ ಒಂದ್ ಕಡಿಂದ ಜಲ್ ಅಂದ್ರ ಮುಗೀತು, ನಿಮಗ ಮ್ಯೂಸಿಕ್ಕೇ ಬ್ಯಾಡ. ಆದ್ರ ಡೇಟ್ ನೋಡ್ಕೊಳ್ರಿ, ಅರ್ಧ ಸೀನ್ ತಗದು ಪರೀಕ್ಷಿ ಮುಗಿಸ್ಕೊಂಡ್ ಬರ್ತೀವಿ ಅಂದ್ರ ರಾಶಿ ಆಗಿ ಹೊಲ ಬೋಳಾಗಿರ್ತದ, ಕಂಟಿನ್ಯುಟಿ ಹೋಯ್ತು. ಹೊಲದವ್ರಿಗೆ ಕೇಳ್ರಿ, ಗಿಡ ಮುರಿಬ್ಯಾಡ್ರಿ, ಕಾಲಿಗೆ ಬೂಟ್ ಹಾಕ್ರಿ, ಹಾವು ಇರ್ತಾವ, ಒಂದ್ ಗಾಡಿ ರಸ್ತಾದ ಮ್ಯಾಲ ರೆಡಿ ಇರ್ಲಿ ಮತ್ತ ಹತ್ರದ ಸರ್ಕಾರಿ ದವಾಖಾನಿ ನಂಬರ್ ಕಾಲ್ ಶೀಟ್‌ನಾಗ (ಯಾರು ಎಲ್ಲಿ ಎಷ್ಟಕ್ಕ ಬರ್ಬೇಕು ಅಂತ ಟೀಮ್‌ಗೆ ಕೊಡೋ ಹಾಳಿ) ಬರದಿರ್ಲಿ.

ಮನಿ ಒಳಗಿನ ಸೀನ್‌ಗೆ ಶಹಾಬಾದಿ ಫರ್ಸಿ (ನೆಲಕ್ಕ ಹಾಕೋ ಕಲ್ಲು) ಹಾಕಿದ ಹಳೀ ಮನಿ ಹುಡಕ್ರಿ, ಚಪ್ಪಲ್ ಹಾಕಿ ನಡದ್ರ ಟಪ್ ಟಪ್, ಬರಿಗಾಲಿಲೆ ನಡದ್ರ ಹಸಿ ಆವಾಜು, ಟೈಲ್ಸ್‌ದಾಗ ಅದು ಬರಂಗಿಲ್ಲ.

ಆವಾಜ್ ಅಂದೆ, ಅಲ್ಲೇ ಜರ ನಿಲ್ಲಮು. 1998ರಾಗ ವಿಕ್ ಟ್ಯಾಂಡಿ ಅಂತ ಇಂಗ್ಲೆಂಡಿನ ಇಂಜಿನಿಯರ್ ಒಂದ್ ಪೇಪರ್ ಬರದ. ಅವ ಕೆಲಸ ಮಾಡೋ ಲ್ಯಾಬ್‌ನಾಗ ಮಂದಿಗೆ ಸುಮ್ ಸುಮ್ನ ಅಂಜಿಕಿ ಬರ್ತಿತ್ತು, ಅವನಿಗೂ ಕಣ್ಣಂಚಿನಾಗ ಬೂದಿ ಬಣ್ಣದ್ದು ಏನೋ ಕಂಡಂಗಾಯ್ತು, ಹುಡುಕಿದ್ರ ಒಂದ್ ಫ್ಯಾನಿಂದ ಸುಮಾರು 19 ಹರ್ಟ್ಸ್, ಅಂದ್ರ ಸೆಕೆಂಡಿಗೆ 19 ಸಲ, ಕಂಪನ ಬರ್ಲಿಕತ್ತಿತ್ತು, ನಮ್ ಕಿವಿಗೆ 20ರ ಕೆಳಗಿಂದು ಕೇಳಸಂಗಿಲ್ಲ. ಇದನ್ನ ಓದಿ ನಮ್ ಹುಡುಗ್ರು ಪಿಚ್ಚರ್‌ದಾಗ 19 ಹರ್ಟ್ಸ್ ಹಾಕ್ತೀವಿ ಅಂತಾರ, ಹಾಕ್ರಿ, ಆದ್ರ ನಿಮ್ ಪಿಚ್ಚರ್ ನೋಡೋರು ಫೋನ್‌ನಾಗ ನೋಡ್ತಾರ, ಆ ಸಣ್ಣ ಸ್ಪೀಕರ್‌ದಾಗ ಅದು ಬರೋದೇ ಇಲ್ಲ. ಫೋನ್‌ನಾಗ ಕೇಳಸೋ ಆವಾಜ್ ಆರಿಸ್ರಿ, ಟ್ಯೂಬ್‌ಲೈಟ್ ಗುಯ್ ಅನ್ನೋದು, ಕೀಲಿ ತಿರುಗೋದು, ಬಾವಿ ಗಡಗಡಿ ಕಿರ್ ಅನ್ನೋದು. ಲೊಕೇಷನ್ ನೋಡ್ಲಿಕ್ಕ ಹೋದಾಗ ಫೋಟೋದ ಜೋಡಿ ಎರಡ್ ನಿಮಿಷ ಸುಮ್ನ ನಿಂತು ಆವಾಜೂ ರೆಕಾರ್ಡ್ ಮಾಡ್ರಿ, ಹತ್ರ ಬೋರ್‌ವೆಲ್ ಮೋಟರ್ ಇದ್ರ ಅವಾಗೇ ತಿಳೀತದ.

ಲೈಟಿಂದು ಬೇಗ ಹೇಳ್ತೀನಿ. ನಮ್ ಕರೆಂಟ್ 50 ಹರ್ಟ್ಸ್, ಅದಕ್ಕ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಡ್ರಿ, ಇಲ್ಲಂದ್ರ ಟ್ಯೂಬ್‌ಲೈಟ್ ಪಟಪಟ ಅಂತದ. ಪೂರಾ ಕತ್ತಲಿದಾಗ ತಗಿಬ್ಯಾಡ್ರಿ, ಹೊತ್ತ ಮುಳುಗಿ ಆಕಾಶ ಇನ್ನಾ ನೀಲಿ ಇರ್ತದಲ್ಲ, ಆವಾಗ ಎಕ್ಸ್‌ಪೋಷರ್ (ಕ್ಯಾಮೆರಾದೊಳಗ ಬರೋ ಬೆಳಕು) ಕಮ್ಮಿ ಮಾಡಿ ತಗೀರಿ, ರಾತ್ರಿನೇ ಅನಸ್ತದ.

[ಸ್ಕ್ರೀನ್ ಮ್ಯಾಲ: ಊರವ್ರಿಗೆ ಹೇಳ್ರಿ]

ಇದು ಮಾತ್ರ ಸ್ಕಿಪ್ ಮಾಡಬ್ಯಾಡ್ರಿ. 2018ರ ಜುಲೈದಾಗ ಬೀದರ್ ಜಿಲ್ಲಾ ಔರಾದ್ ತಾಲೂಕಿನ ಮುರ್ಕಿದಾಗ, ಮಕ್ಕಳ ಕಳ್ಳರು ಅನ್ನೋ ವಾಟ್ಸಾಪ್ ಸುದ್ದಿ ನಂಬಿ ಜನಾ ಹೊಡದು ಹೈದರಾಬಾದ್‌ನ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್‌ನ ಕೊಂದ್ರು. ಅವ ಅಲ್ಲಿ ತಿರುಗಾಡ್ಲಿಕ್ಕ ಬಂದಿದ್ದ ಅಷ್ಟೇ. ಈಗ ನೀವು ಗುರುತಿಲ್ಲದ ಊರಾಗ ರಾತ್ರಿ ಮುಖವಾಡ ಹಾಕಿ, ಕೈಯಾಗ ಸುಳ್ಳ ಚೂರಿ ಹಿಡದು, ಚೀರ್ಕೋತ ಓಡ್ತೀರಿ. ಹಗಲೊತ್ತಿನಾಗ ಹೋಗಿ ಪಂಚಾಯ್ತಿದವ್ರಿಗೆ, ಕಟ್ಟಿ ಮ್ಯಾಲ ಕುಂತ ಹಿರ್ಯಾರಿಗೆ ಹೇಳ್ರಿ, ಸ್ಟೇಷನ್‌ಗೆ ಕಾಲೇಜ್ ಲೆಟರ್ ಜೋಡಿ ಅರ್ಜಿ ಕೊಡ್ರಿ, ರಿಸೀವ್ಡ್ ಸಿಕ್ಕಾ ಹಾಕಿಸ್ಕೊಂಡು ಅದರ ಜೆರಾಕ್ಸ್ ಎಲ್ಲಾರ ಜೇಬಿನಾಗೂ ಇರ್ಲಿ. ಊರಿನ ಒಬ್ಬ ಹುಡುಗನ್ನ ಟೀಮ್‌ಗೆ ಸೇರಿಸ್ಕೊಳ್ರಿ, ಲೈಟ್ ಹಿಡಿಲಿ, ಚಹಾ ತರ್ಲಿ, ಕ್ರೆಡಿಟ್‌ದಾಗ ಹೆಸರು ಹಾಕ್ರಿ. ಊರವ್ರು ಶೂಟಿಂಗ್ ನೋಡ್ಲಿಕ್ಕ ಬಂದೇ ಬರ್ತಾರ, ಅವ್ರಿಗಿ ಸುಮ್ನ ನಿಲ್ರಿ ಅಂತ ಹೇಳೋದೂ ಅವನ ಕೆಲಸನೇ.

ಕಾಲ್ ಶೀಟ್ ಮತ್ತ ಶಾಟ್ ಲಿಸ್ಟ್ ಮಾದರಿ ಕೆಳಗ ಡಿಸ್ಕ್ರಿಪ್ಷನ್‌ದಾಗ ಹಾಕೀನಿ, ತಗೊಳ್ರಿ. ಮುಂದಿನ ವಿಡಿಯೋ ಎಡಿಟಿಂಗ್ ಮ್ಯಾಲ.