ಬೆಂಗಳೂರಿನಲ್ಲಿ ನೆಮ್ಮದಿಯಾಗಿರಲು ತಿಂಗಳಿಗೆ ಎಷ್ಟು ಬೇಕು? ನನ್ನ ಲೆಕ್ಕ 1 ಲಕ್ಷ 60 ಸಾವಿರ

ನಮಸ್ಕಾರ. ಇವತ್ತು ನೇರವಾಗಿ ದುಡ್ಡಿನ ಮಾತು. ಬೆಂಗಳೂರಿನಲ್ಲಿ, ಅದರಲ್ಲೂ ಎಚ್‌ಎಸ್‌ಆರ್ ಲೇಔಟ್, ಬೆಳ್ಳಂದೂರು, ವೈಟ್‌ಫೀಲ್ಡ್ ಕಡೆ, ಗಂಡ ಹೆಂಡತಿ ಮತ್ತು ಶಾಲೆಗೆ ಹೋಗುವ ಇಬ್ಬರು ಮಕ್ಕಳು ಇರುವ ಒಂದು ಸಂಸಾರ ನೆಮ್ಮದಿಯಾಗಿ ಬದುಕಲು ತಿಂಗಳಿಗೆ ಎಷ್ಟು ಬೇಕು? ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. 1 ಲಕ್ಷ 60 ಸಾವಿರ. ಆಫರ್ ಲೆಟರ್‌ನಲ್ಲಿ ಬರೆದ ಸಿಟಿಸಿ, ಅಂದರೆ ಕಂಪನಿ ನಿಮ್ಮ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು, ಆ ಲೆಕ್ಕ ಬೇರೆ, ನಾನು ಹೇಳುತ್ತಿರುವುದು ಬ್ಯಾಂಕ್ ಖಾತೆಗೆ ಬೀಳುವ ದುಡ್ಡು.

ಇದನ್ನು ಕೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಅಷ್ಟೊಂದಾ, ನಾವು 40 ಸಾವಿರದಲ್ಲಿ ಇಬ್ಬರು ಮಕ್ಕಳನ್ನು ಓದಿಸುತ್ತಿದ್ದೇವೆ ಅನ್ನುತ್ತಾರೆ. ಅವರ ಮಾತು ನಿಜ. ಇನ್ನು ಕೆಲವರು ಇದೆಲ್ಲಿ ಸಾಲುತ್ತದೆ, ಇಎಂಐಗೇ ಅರ್ಧ ಹೋಗುತ್ತದೆ ಅನ್ನುತ್ತಾರೆ. ಅದೂ ನಿಜ. ಹಾಗಾಗಿ ನೆಮ್ಮದಿ ಅಂತ ನಾನು ಯಾವುದನ್ನು ಕರೆಯುತ್ತಿದ್ದೇನೆ ಹೇಳುತ್ತೇನೆ. ತಿಂಗಳ 25ನೇ ತಾರೀಖು ಬಂದಾಗ ಎದೆ ಢವಢವ ಅನ್ನಬಾರದು. ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಒಡವೆ ಅಡ ಇಡುವ ಹಾಗಾಗಬಾರದು. ಊರಲ್ಲಿರುವ ಅಪ್ಪ ಅಮ್ಮನಿಗೆ ದುಡ್ಡು ಕಳಿಸುವ ವಿಷಯಕ್ಕೆ ಗಂಡ ಹೆಂಡತಿ ಜಗಳ ಆಡಬಾರದು. ಕೆಲಸ ಹೋದರೆ ಕೆಲವು ತಿಂಗಳು ಸಂಸಾರ ನಡೆಯಬೇಕು. ಇಷ್ಟೇ. ವಿದೇಶ ಪ್ರವಾಸ, ದೊಡ್ಡ ಕಾರು ಇದರಲ್ಲಿ ಇಲ್ಲ.

ಬಾಡಿಗೆಯಿಂದ ಶುರು ಮಾಡೋಣ. ಬಹುತೇಕ ಮನೆಗಳ ಲೆಕ್ಕ ಕೆಡುವುದು ಅಲ್ಲೇ. ಈ ಏರಿಯಾಗಳಲ್ಲಿ ಸಾಧಾರಣವಾದ ಎರಡು ಬೆಡ್‌ರೂಮಿನ ಮನೆ, ಲಿಫ್ಟ್ ಇರುವ, ಸ್ವಲ್ಪ ಗಾಳಿ ಬೆಳಕು ಬರುವ ಮನೆ, ಮೇಂಟೆನೆನ್ಸ್ ಸೇರಿ 40 ಸಾವಿರ ಇಟ್ಟುಕೊಳ್ಳಿ. ಈಜುಕೊಳ, ಕ್ಲಬ್‌ಹೌಸ್ ಇರುವ ದೊಡ್ಡ ಅಪಾರ್ಟ್‌ಮೆಂಟ್ ಆದರೆ 50 ದಾಟುತ್ತದೆ. ಆದರೆ ದೊಡ್ಡ ಹೊಡೆತ ಬೀಳುವುದು ಮನೆ ಹಿಡಿಯುವ ದಿನ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವುದು ಬೆಂಗಳೂರಿನ ಹಳೆಯ ಪದ್ಧತಿ, ಈಗ ಐದಾರು ತಿಂಗಳಿಗೆ ಒಪ್ಪುವ ಮಾಲೀಕರೂ ಇದ್ದಾರೆ. ಆರು ತಿಂಗಳು ಅಂದರೂ 2 ಲಕ್ಷ 40 ಸಾವಿರ ಆಯಿತು. ಅದಕ್ಕೆ ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಸಾಮಾನು ಸಾಗಿಸುವ ಖರ್ಚು, ಮೊದಲ ತಿಂಗಳ ಬಾಡಿಗೆ ಸೇರಿಸಿ. ಹಾಲು ಉಕ್ಕಿಸುವ ಹೊತ್ತಿಗೆ ಮೂರೂವರೆ ಲಕ್ಷದ ಹತ್ತಿರ ಖಾಲಿ. ಬಿಡುವಾಗ ಗೋಡೆ ಎಷ್ಟೇ ಚೊಕ್ಕವಾಗಿರಲಿ, ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಮಾಮೂಲು.

ಕೇಂದ್ರ ಸರ್ಕಾರ 2021ರಲ್ಲಿ ಒಂದು ಮಾದರಿ ಬಾಡಿಗೆ ಕಾಯ್ದೆ ತಂದಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ತೆಗೆದುಕೊಳ್ಳಬಾರದು ಅಂತ ಅದರಲ್ಲಿದೆ. ಆದರೆ ಅದು ಮಾದರಿ ಮಾತ್ರ. ರಾಜ್ಯಗಳು ಅದನ್ನು ಒಪ್ಪಿ ತಮ್ಮ ಕಾಯ್ದೆ ಮಾಡಿಕೊಂಡರೆ ಮಾತ್ರ ಬಾಡಿಗೆದಾರರಿಗೆ ಉಪಯೋಗ. ಹೊಸದಾಗಿ ಸಂಸಾರ ಶುರು ಮಾಡುವ ಹುಡುಗ ಹುಡುಗಿ ಮೊದಲ ಪರ್ಸನಲ್ ಲೋನ್ ತೆಗೆಯುವುದು ಎಷ್ಟೋ ಸಲ ಈ ಅಡ್ವಾನ್ಸ್‌ಗೆ. ಬಡ್ಡಿ ಕಟ್ಟಿ ಸಾಲ ತಂದು, ಬಡ್ಡಿಯೇ ಇಲ್ಲದೆ ಮಾಲೀಕರ ಹತ್ತಿರ ಇಡುತ್ತಾರೆ. ಇದು ನನಗೆ ತುಂಬಾ ಅನ್ಯಾಯ ಅನ್ನಿಸುತ್ತದೆ.

2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿನ ದರ ಲೀಟರ್‌ಗೆ 4 ರೂಪಾಯಿ ಏರಿತು. ಟಿವಿಯಲ್ಲೆಲ್ಲಾ ಅದೇ ಸುದ್ದಿ. ದಿನಕ್ಕೆ ಎರಡು ಲೀಟರ್ ಹಾಲು ತರಿಸುವ ಮನೆಗೆ ಅದರಿಂದ ತಿಂಗಳಿಗೆ 240 ರೂಪಾಯಿ ಹೆಚ್ಚಾಯಿತು. ಬಡವರಿಗೆ ಅದೂ ಭಾರವೇ, ಇಲ್ಲ ಅನ್ನುತ್ತಿಲ್ಲ. ಆದರೆ ಅದೇ ಮನೆಯ 11 ತಿಂಗಳ ಅಗ್ರಿಮೆಂಟ್ ಮುಗಿದಾಗ ಮಾಲೀಕರು ಬರೀ 5 ಪರ್ಸೆಂಟ್ ಏರಿಸಿದರೂ ತಿಂಗಳಿಗೆ 2,000 ಹೋಗುತ್ತದೆ. ಅದಕ್ಕೆ ಯಾವ ಸುದ್ದಿಯೂ ಇಲ್ಲ, ಯಾವ ಪ್ರತಿಭಟನೆಯೂ ಇಲ್ಲ. ಒಂದೊಂದು ಮನೆಯಲ್ಲಿ ಒಬ್ಬೊಬ್ಬರೇ ಮಾಲೀಕರ ಮುಂದೆ ನಿಂತು ಸ್ವಲ್ಪ ಕಮ್ಮಿ ಮಾಡಿ ಸಾರ್ ಅಂತ ಕೇಳಿಕೊಳ್ಳಬೇಕು.

ಸ್ವಂತ ಮನೆ ತೆಗೆದುಕೊಂಡರೆ ಮುಗಿಯಿತಲ್ಲ ಅನ್ನಬಹುದು. 1 ಕೋಟಿಯ ಫ್ಲಾಟ್‌ಗೆ 80 ಲಕ್ಷ ಸಾಲ ಮಾಡಿದರೆ, 8 ಪರ್ಸೆಂಟ್ ಬಡ್ಡಿಗೆ 20 ವರ್ಷ ತಿಂಗಳಿಗೆ ಸುಮಾರು 67 ಸಾವಿರ ಇಎಂಐ. ಅದರ ಮೇಲೆ ಮೇಂಟೆನೆನ್ಸ್. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಗೆ 1ರಿಂದ 2 ಪರ್ಸೆಂಟ್ ಆಯಿತು, ಅಂದರೆ ಆ ಫ್ಲಾಟ್‌ಗೆ ಒಂದೇ ಏಟಿಗೆ ಇನ್ನೂ 1 ಲಕ್ಷ. ಮನೆ ಕೊಂಡವರಿಗೆ ನನ್ನ ಅಂಕಿ 1.6 ಲಕ್ಷದಿಂದ 1.9 ಲಕ್ಷದ ಮೇಲೆ ಹೋಗುತ್ತದೆ.

ಇನ್ನು ಶಾಲೆ. ಇಲ್ಲಿ ನಾನು ದುಬಾರಿ ಇಂಟರ್‌ನ್ಯಾಷನಲ್ ಶಾಲೆ ಹಿಡಿದಿಲ್ಲ. ವರ್ಷಕ್ಕೆ ಒಂದು ಮಗುವಿಗೆ ಒಂದೂವರೆ ಲಕ್ಷ, ಇಬ್ಬರಿಗೆ 3 ಲಕ್ಷ. ತಿಂಗಳಿಗೆ 25 ಸಾವಿರ ಆಯಿತು, ವ್ಯಾನಿಗೆ 5 ಸಾವಿರ, ಒಟ್ಟು 30. ಬಾಡಿಗೆ, ಶಾಲೆ ಎರಡಕ್ಕೇ 70 ಸಾವಿರ ಹೋಯಿತು ನೋಡಿ, ಇನ್ನೂ ಒಂದು ಹೊತ್ತಿನ ಅನ್ನ ಬೇಯಿಸಿಲ್ಲ.

ಉಳಿದದ್ದು ಬೇಗ ಹೇಳುತ್ತೇನೆ. ದಿನಸಿ, ಹಾಲು, ತರಕಾರಿ, ಹಣ್ಣು ಸೇರಿ 18 ಸಾವಿರ. ಕರೆಂಟು, ನೀರು, ಗ್ಯಾಸು, ಇಂಟರ್‌ನೆಟ್, ಮೊಬೈಲ್ 6 ಸಾವಿರ. ಮನೆಕೆಲಸದವರಿಗೆ 5. ಓಡಾಟಕ್ಕೆ 8. ಆರೋಗ್ಯ ವಿಮೆ, ಔಷಧಿ ಸೇರಿ ಇನ್ನೊಂದು 8, ಇದರಲ್ಲಿ ವಯಸ್ಸಾದ ಅಪ್ಪ ಅಮ್ಮನ ಪಾಲಿಸಿಯ ಪ್ರೀಮಿಯಂ ದೊಡ್ಡ ಪಾಲು ತಿನ್ನುತ್ತದೆ. ಊರಿಗೆ ಕಳಿಸಲು 10. ಬಟ್ಟೆ, ಹಬ್ಬ, ಮದುವೆ ಮುಯ್ಯಿ, ವರ್ಷಕ್ಕೆ ಎರಡು ಮೂರು ಸಲ ಊರಿಗೆ ಹೋಗಿ ಬರುವುದು ಸೇರಿ 10. ಉಳಿತಾಯ 25. ಕೂಡಿಸಿದರೆ 1 ಲಕ್ಷ 60 ಸಾವಿರ ಬರುತ್ತದೆ. ಉಳಿತಾಯವನ್ನು ಖರ್ಚಿನ ಪಟ್ಟಿಯಲ್ಲಿ ಯಾಕೆ ಸೇರಿಸಿದೆ ಅಂತ ಕೇಳುತ್ತೀರಿ. ಮಕ್ಕಳ ಕಾಲೇಜು ಬಂದೇ ಬರುತ್ತದೆ, ಮುಪ್ಪು ಬಂದೇ ಬರುತ್ತದೆ. ಖಂಡಿತ ಬರುವ ಖರ್ಚನ್ನು ಬಿಟ್ಟು ಲೆಕ್ಕ ಹಾಕಿದರೆ ನಮಗೆ ನಾವೇ ಸುಳ್ಳು ಹೇಳಿಕೊಂಡ ಹಾಗೆ.

ಈ ದುಡ್ಡು ಕೈಗೆ ಬರಬೇಕಾದರೆ ಒಬ್ಬರೇ ದುಡಿಯುವ ಮನೆಯಲ್ಲಿ ಸಿಟಿಸಿ 25-26 ಲಕ್ಷ ಇರಬೇಕು. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ ಎಲ್ಲಾ ಸಿಟಿಸಿಯೊಳಗೇ ಸೇರಿರುತ್ತದೆ, ನಿಮ್ಮ ಪಾಲಿನ ಪಿಎಫ್ ಬೇರೆ ಕಡಿತ ಆಗುತ್ತದೆ, ಹೊಸ ಪದ್ಧತಿಯಲ್ಲೂ ಆದಾಯ ತೆರಿಗೆ ಎರಡೂವರೆ ಲಕ್ಷ ದಾಟುತ್ತದೆ, ಜೊತೆಗೆ ತಿಂಗಳಿಗೆ ಸುಮಾರು 200 ರೂಪಾಯಿ ವೃತ್ತಿ ತೆರಿಗೆ. ಹುಬ್ಬಳ್ಳಿಯಿಂದಲೋ ಕಲಬುರಗಿಯಿಂದಲೋ ಆಫರ್ ಲೆಟರ್ ಹಿಡಿದು ಬರುವವರಿಗೆ ನಾನು ಹೇಳುವುದು ಒಂದೇ: ಎಚ್‌ಆರ್ ಹತ್ತಿರ ಸಿಟಿಸಿ ಎಷ್ಟು ಅಂತ ಕೇಳಿ ಸುಮ್ಮನಾಗಬೇಡಿ. ತಿಂಗಳಿಗೆ ಕೈಗೆ ಎಷ್ಟು ಬರುತ್ತದೆ, ಅದರಲ್ಲಿ ಗ್ಯಾರಂಟಿ ಎಷ್ಟು, ಬೋನಸ್ ಎಷ್ಟು ಅಂತ ಬಿಡಿಸಿ ಕೇಳಿ, ಬರೆದು ಕೊಡಿ ಅನ್ನಿ.

ಗಂಡ ಹೆಂಡತಿ ಇಬ್ಬರೂ ದುಡಿದರೆ ತೆರಿಗೆ ಲೆಕ್ಕ ಪೂರ್ತಿ ಬದಲಾಗುತ್ತದೆ. 2025-26ರ ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ 12 ಲಕ್ಷ 75 ಸಾವಿರದವರೆಗೆ ಆದಾಯ ತೆರಿಗೆ ಇಲ್ಲ. ಇಬ್ಬರಿಗೂ ಹನ್ನೊಂದು ಹನ್ನೊಂದೂವರೆ ಲಕ್ಷದ ಸಿಟಿಸಿ ಇದ್ದರೆ ಅದೇ 1.6 ಲಕ್ಷ ಕೈಗೆ ಸಿಗುತ್ತದೆ. ಆದರೆ ಮಕ್ಕಳು ಚಿಕ್ಕವರಿದ್ದರೆ ಡೇಕೇರ್‌ಗೆ ದುಡ್ಡು ಬೇಕು, ಇಲ್ಲ ಅಜ್ಜಿ ಊರು ಬಿಟ್ಟು ಬಂದು ನಿಲ್ಲಬೇಕು. ಎಷ್ಟೋ ಅಮ್ಮಂದಿರು ಕೆಲಸ ಬಿಡುವುದು ಇದೇ ಹಂತದಲ್ಲಿ, ಆ ನಷ್ಟವನ್ನು ಯಾರೂ ಬಜೆಟ್‌ನಲ್ಲಿ ಬರೆಯುವುದಿಲ್ಲ.

ಅಷ್ಟು ಕಷ್ಟ ಯಾಕೆ, ಬೇರೆ ಏರಿಯಾಗೆ ಹೋಗಿ ಅನ್ನುವವರಿಗೂ ಒಂದು ಮಾತು. ಕೆಂಗೇರಿ, ಉತ್ತರಹಳ್ಳಿ, ನಾಗರಬಾವಿ ಕಡೆ 20 ಸಾವಿರಕ್ಕೆ ಒಳ್ಳೆ ಮನೆ ಹುಡುಕಬಹುದು, ಶಾಲೆಯೂ ಅರ್ಧ ಫೀಸಿಗೆ ಸಿಗಬಹುದು. ಆಗ ನನ್ನ ಲೆಕ್ಕ 1.6ರಿಂದ ಸುಮಾರು 1.27 ಲಕ್ಷಕ್ಕೆ ಇಳಿಯುತ್ತದೆ. ದೊಡ್ಡ ಉಳಿತಾಯವೇ. ವೈಟ್‌ಫೀಲ್ಡ್‌ನಲ್ಲಿ ಕೆಲಸ ಇದ್ದವರಿಗೆ ಇದು ಈಗ ಸಾಧ್ಯ, ಏಕೆಂದರೆ 2023ರ ಅಕ್ಟೋಬರ್‌ನಿಂದ ಮೆಟ್ರೊದ ನೇರಳೆ ಮಾರ್ಗದಲ್ಲಿ ಕೆಂಗೇರಿ ಆಚೆಯ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಒಂದೇ ರೈಲು. 2025ರ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿ ಆಯಿತು, ಆದರೂ ಬಾಡಿಗೆಯಲ್ಲಿ ಉಳಿಯುವುದು ಅದಕ್ಕಿಂತ ಎಷ್ಟೋ ಜಾಸ್ತಿ. ಅದೇ ನಿಮ್ಮ ಆಫೀಸು ಬೆಳ್ಳಂದೂರಲ್ಲಿ ಇದೆ ಅಂದುಕೊಳ್ಳಿ. ಟ್ರಾಫಿಕ್‌ಗೆ ಹೆಸರಾದ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಹೋಗಬೇಕು. ದಿನಕ್ಕೆ ಮೂರು ನಾಲ್ಕು ಗಂಟೆ ರಸ್ತೆಯಲ್ಲೇ. ಆಗ ಜನ ಮಕ್ಕಳ ಮುಖ ನೋಡಲಿಕ್ಕೆ ಅಂತಲೇ 20 ಸಾವಿರ ಜಾಸ್ತಿ ಬಾಡಿಗೆ ಕೊಟ್ಟು ಆಫೀಸಿನ ಹತ್ತಿರ ಬರುತ್ತಾರೆ. ಮೆಟ್ರೊ ಇರುವ ದಾರಿಯ ಸಂಸಾರಕ್ಕೂ ಇಲ್ಲದ ದಾರಿಯ ಸಂಸಾರಕ್ಕೂ ತಿಂಗಳಿಗೆ ಅಷ್ಟು ವ್ಯತ್ಯಾಸ.

ನನಗೆ ಈ ವಿಡಿಯೊದಲ್ಲಿ ಮುಖ್ಯವಾಗಿ ಹೇಳಬೇಕಾಗಿರುವುದು ಇದನ್ನೇ. ಈ 1.6 ಲಕ್ಷದಲ್ಲಿ ದೊಡ್ಡ ಭಾಗ, ಊರು ನಮಗೆ ಕೊಡಬೇಕಾಗಿದ್ದನ್ನು ನಾವು ಖಾಸಗಿಯವರಿಂದ ಕೊಂಡುಕೊಳ್ಳುತ್ತಿರುವ ದುಡ್ಡು. ಶಾಲೆಗೆ 30 ಸಾವಿರ ಯಾಕೆ ಹೋಗುತ್ತದೆ? ನಡೆದು ಹೋಗುವ ದೂರದಲ್ಲಿ ನಂಬಿಕೆಯಿಂದ ಸೇರಿಸಬಹುದಾದ ಸರ್ಕಾರಿ ಶಾಲೆ ಕಾಣುವುದಿಲ್ಲ, ಅದಕ್ಕೆ. ಮೇಂಟೆನೆನ್ಸ್‌ನಲ್ಲಿ ಟ್ಯಾಂಕರ್ ನೀರಿನ ದುಡ್ಡು ಯಾಕೆ ಇರುತ್ತದೆ? ಬಡಾವಣೆ ಎದ್ದು ಎಷ್ಟೋ ವರ್ಷದ ಮೇಲೆ ಕಾವೇರಿ ನೀರು ಬರುತ್ತದೆ, ಅದಕ್ಕೆ. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್ ಬತ್ತಿದಾಗ ಟ್ಯಾಂಕರ್ ದರ ಕೈಮೀರಿ, ಜಿಲ್ಲಾಡಳಿತವೇ 12,000 ಲೀಟರ್‌ಗೆ 5 ಕಿಲೋಮೀಟರ್ ಒಳಗೆ 1,000 ರೂಪಾಯಿ ಅಂತ ನಿಗದಿ ಮಾಡಬೇಕಾಯಿತು. ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು ಆ ವರ್ಷದ ಅಕ್ಟೋಬರ್‌ನಲ್ಲಿ. ಆ ಬೇಸಿಗೆಯಲ್ಲಿ ಬಕೆಟ್ ಲೆಕ್ಕ ಹಾಕಿ ಸ್ನಾನ ಮಾಡಿದ ಮನೆಗಳು ನಗರಕ್ಕೆ ತೆರಿಗೆಯನ್ನೂ ಕಟ್ಟಿವೆ, ಟ್ಯಾಂಕರಿನವರಿಗೆ ದುಡ್ಡನ್ನೂ ಕೊಟ್ಟಿವೆ.

ಮೇಲೆ ನಾನು ಮನೆಕೆಲಸದವರಿಗೆ 5 ಸಾವಿರ ಅಂತ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋದೆ. ಆ ಅಕ್ಕನೂ ಇದೇ ಊರಲ್ಲಿ ಸಂಸಾರ ಮಾಡಬೇಕು. ನಾಲ್ಕು ಮನೆ ಮಾಡಿದರೆ 20 ಸಾವಿರ, ಗಂಡ ಸೆಕ್ಯುರಿಟಿ ಕೆಲಸ ಮಾಡಿದರೆ ಇನ್ನೊಂದು ಅಷ್ಟು. ಅದರಲ್ಲಿ ಶೀಟ್ ಮನೆಗೆ, ಒಂದೇ ರೂಮಿಗೆ, ಏಳೆಂಟು ಸಾವಿರ ಬಾಡಿಗೆ, ಅವರಿಗೂ ಅಡ್ವಾನ್ಸ್. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗ ಬಿಟ್ಟಿ ಭಾಗ್ಯ ಅಂತ ಟೀಕೆ ಮಾಡಿದವರು ಬಹಳ. ನಾನು ಆ ಟೀಕೆ ಒಪ್ಪುವುದಿಲ್ಲ. ಎರಡು ಬಸ್ ಬದಲಾಯಿಸಿ ಕೆಲಸಕ್ಕೆ ಬರುವ ಹೆಂಗಸಿಗೆ ಟಿಕೆಟ್ ಇಲ್ಲ ಅಂದರೆ ಸಂಬಳ ಏರಿದಷ್ಟೇ ಅರ್ಥ. ನನ್ನ ಪ್ರಶ್ನೆ ಅದು ಸಾಕಾ ಅನ್ನುವುದು. ಬಸ್ಸು ಫ್ರೀ ಆಗಿದ್ದರೂ ಬಸ್ಸೇ ಬಾರದಿದ್ದರೆ ಆಟೋಗೆ ಕೊಡಬೇಕಲ್ವಾ?

ಇದನ್ನೆಲ್ಲ ಯಾರನ್ನು ಕೇಳುವುದು? ಬಿಬಿಎಂಪಿ, ಅಂದರೆ ಆಗಿನ ಬೆಂಗಳೂರು ಮಹಾನಗರ ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್‌ಗಳೇ ಇಲ್ಲದೆ ಈ ಊರು ನಡೆಯಿತು. 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ಐದು ಪಾಲಿಕೆ ಮಾಡಿದರು. ನಿಮ್ಮ ವಾರ್ಡಿನಲ್ಲಿ ಓಟು ಕೇಳಲು ಯಾರೇ ಬಂದರೂ, ಯಾವ ಪಕ್ಷದವರೇ ಆಗಲಿ, ನಿಮ್ಮ ತಿಂಗಳ ಖರ್ಚಿನ ಚೀಟಿ ಕೈಯಲ್ಲಿ ಹಿಡಿದು ಮಾತಾಡಿ. ನಾವು ಟ್ಯಾಂಕರ್‌ಗೆ ಇಷ್ಟು ಕೊಡುತ್ತೇವೆ, ಯಾವಾಗ ನಿಲ್ಲುತ್ತದೆ ಅಂತ ಕೇಳಿ. ಮನೆಯಿಂದ ಮೆಟ್ರೊ ಸ್ಟೇಷನ್‌ಗೆ ಫೀಡರ್ ಬಸ್ಸು ಎಷ್ಟು ನಿಮಿಷಕ್ಕೊಂದು ಓಡಿಸುತ್ತೀರಿ ಅಂತ ಕೇಳಿ. ಅಡ್ವಾನ್ಸ್‌ಗೆ ಎರಡು ತಿಂಗಳ ಮಿತಿ ತರಲು ನಿಮ್ಮ ಪಕ್ಷ ಒಪ್ಪುತ್ತದಾ ಅಂತ ಕೇಳಿ, ಉತ್ತರವನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನೀವು ಯಾವ ಏರಿಯಾ, ಎಷ್ಟು ಬಾಡಿಗೆ, ಎಷ್ಟು ತಿಂಗಳ ಅಡ್ವಾನ್ಸ್ ಕೊಟ್ಟಿದ್ದೀರಿ ಅನ್ನುವುದನ್ನು ಕೆಳಗೆ ಬರೆಯಿರಿ. ಮುಂದಿನ ಸಲ ಆ ಅಂಕಿಗಳನ್ನೇ ಇಟ್ಟುಕೊಂಡು ಕೂರೋಣ.