ಹುಲ್ಲುಹಾಸಿನ ಏರೇಟರ್: ಸಾಗಿಸುವಾಗ ಮತ್ತು ನಡೆಸುವಾಗ ಇರಬೇಕಾದ ಎಚ್ಚರ

ಮಾನ್ಯರೇ,

ಹುಲ್ಲುಹಾಸಿನ ಆರೈಕೆಗೆ ಬಳಸುವ ಯಂತ್ರಗಳಲ್ಲಿ, ಅದುಮಿದ ನೆಲಕ್ಕೆ ತೂತು ಹಾಕುವ ಏರೇಟರ್ ನೋಡುವುದಕ್ಕೆ ಸಾಧುವಾದದ್ದು. ಹುಲ್ಲು ಕತ್ತರಿಸುವ ಯಂತ್ರದಲ್ಲಿರುವಂತೆ ಗಿರ್ರನೆ ತಿರುಗುವ ಅಲಗು ಅದರಲ್ಲಿಲ್ಲ, ಮನುಷ್ಯ ನಡೆಯುವ ವೇಗವನ್ನು ಅದು ಮೀರುವುದೂ ಇಲ್ಲ. ಹಾಗಾಗಿಯೇ ಬಾಡಿಗೆಗೆ ತಂದು ಮೊದಲ ಸಲ ನಡೆಸುವವರು ಅದರ ಕೈಪಿಡಿಯನ್ನು ತೆರೆಯುವುದೇ ಅಪರೂಪ. ಆದರೆ ಈ ಯಂತ್ರದ ಅಪಾಯ ಇರುವುದು ಅದರ ತೂಕದಲ್ಲಿ. ಆ ತೂಕ ನೆಲದ ಮೇಲೆ ಊರಿರುವಷ್ಟು ಹೊತ್ತು ನಮ್ಮ ಪರವಾಗಿ ಕೆಲಸ ಮಾಡುತ್ತದೆ. ಯಂತ್ರವನ್ನು ನೆಲದಿಂದ ಎತ್ತಿದಾಗ, ತಿರುಗಿಸಿದಾಗ, ವಾಹನಕ್ಕೆ ಏರಿಸಿದಾಗ ಅದೇ ತೂಕ ನಮ್ಮ ಮೇಲೆ ತಿರುಗಿಬೀಳುತ್ತದೆ. ಇಂದು ನಾನು ಹೇಳಬೇಕೆಂದಿರುವ ಮಾತುಗಳೆಲ್ಲ ಈ ಒಂದು ಅಂಶದಿಂದಲೇ ಹೊರಡುತ್ತವೆ.

ತೂಕ ಏಕೆ ಬೇಕೆಂಬುದನ್ನು ಮೊದಲು ನೋಡೋಣ. ಜನರ ಓಡಾಟದಿಂದ, ವಾಹನಗಳ ಭಾರದಿಂದ ಮಣ್ಣು ಅದುಮಿಕೊಂಡು ಕಣಗಳ ನಡುವಿನ ರಂಧ್ರಗಳು ಮುಚ್ಚಿಹೋಗುತ್ತವೆ. ಗಾಳಿ ಮತ್ತು ನೀರು ಬೇರಿಗೆ ಸಲೀಸಾಗಿ ತಲುಪುವುದಿಲ್ಲ. ಏರೇಟರ್‌ನ ಟೊಳ್ಳು ಹಲ್ಲುಗಳು, ಅಂದರೆ ಟೈನ್‌ಗಳು, ನೆಲಕ್ಕೆ ಇಳಿದು ಸುಮಾರು 12ರಿಂದ 19 ಮಿಲಿಮೀಟರ್ ದಪ್ಪದ, 5ರಿಂದ 7.5 ಸೆಂಟಿಮೀಟರ್ ಉದ್ದದ ಮಣ್ಣಿನ ಉಂಡೆಗಳನ್ನು ಕಿತ್ತು ಮೇಲೆ ಹಾಕುತ್ತವೆ. ಗಟ್ಟಿಯಾದ ನೆಲಕ್ಕೆ ಹಲ್ಲು ಇಳಿಯಬೇಕಾದರೆ ಮೇಲಿನಿಂದ ಭಾರ ಬೀಳಲೇಬೇಕು. ಯಂತ್ರದ ಹಿಂದೆ ನಡೆದುಕೊಂಡು ಹೋಗಿ ನಡೆಸುವ ಮಾದರಿಗಳಲ್ಲಿ ನೂರು ಕಿಲೋ ದಾಟುವಂಥವು ಸಾಮಾನ್ಯ. ಅದೂ ಸಾಲದೆಂದು ಕೆಲವಕ್ಕೆ ಕಬ್ಬಿಣದ ತೂಕಗಳನ್ನು ಸಿಕ್ಕಿಸುತ್ತಾರೆ, ಇನ್ನು ಕೆಲವದರ ಡ್ರಮ್ಮಿಗೆ ನೀರು ತುಂಬಿಸುತ್ತಾರೆ.

ಹೆಚ್ಚುವರಿ ಭಾರವನ್ನು ಇಳಿಸದೆ ಯಂತ್ರವನ್ನು ವಾಹನಕ್ಕೆ ಏರಿಸಬಾರದು ಎಂಬುದು ಸಾಗಣೆಯ ಮೊದಲ ನಿಯಮ. ಡ್ರಮ್ಮಿನ ನೀರನ್ನು ಪೂರ್ತಿ ಬಸಿಯಬೇಕು. ಅರ್ಧ ಉಳಿದ ನೀರು ಪೂರ್ತಿ ತುಂಬಿದ ನೀರಿಗಿಂತ ಕೆಟ್ಟದ್ದು, ಏಕೆಂದರೆ ಅದು ಒಳಗೇ ಅತ್ತಿತ್ತ ಹೊರಳಿ ಯಂತ್ರದ ಸಮತೋಲವನ್ನು ಕೆಡಿಸುತ್ತದೆ. ಕಬ್ಬಿಣದ ತೂಕಗಳನ್ನು ಒಂದೊಂದಾಗಿ ಬಿಚ್ಚಿ, ಮೈಗೆ ಹತ್ತಿರ ಹಿಡಿದು, ಬೇರೆಯಾಗಿ ಒಯ್ಯಬೇಕು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆಯಾದ ನಯಾಷ್ ರೂಪಿಸಿದ ಎತ್ತುವಿಕೆಯ ಸೂತ್ರದಲ್ಲಿ, ಎಲ್ಲವೂ ಅನುಕೂಲವಾಗಿರುವ ಸ್ಥಿತಿಯಲ್ಲಿಯೂ ಒಬ್ಬರು ಎತ್ತಬಹುದಾದ ಭಾರಕ್ಕೆ 23 ಕಿಲೋ ಎಂಬ ಮಿತಿಯಿದೆ. ಬಗ್ಗಿ, ತಿರುಚಿ, ಕೈಚಾಚಿ ಎತ್ತುವುದಾದರೆ ಆ ಮಿತಿ ಇನ್ನೂ ಕೆಳಗಿಳಿಯುತ್ತದೆ. ಇಬ್ಬರು ಗಟ್ಟಿಮುಟ್ಟಾದವರು ಸೇರಿ ನೂರಿಪ್ಪತ್ತು ಕಿಲೋ ಯಂತ್ರವನ್ನು "ಹಿಡಿ, ಎತ್ತು" ಎಂದು ವಾಹನಕ್ಕೆ ಹಾಕುವ ಪದ್ಧತಿಗೆ ಈ ಲೆಕ್ಕದಲ್ಲಿ ಯಾವ ಸಮರ್ಥನೆಯೂ ಸಿಗುವುದಿಲ್ಲ.

ಹಾಗಾದರೆ ಉಳಿಯುವುದು ಇಳಿಜಾರು ಹಲಗೆ, ಅಂದರೆ ರ‍್ಯಾಂಪ್. ಇದರ ಲೆಕ್ಕವನ್ನು ತುಸು ಬಿಡಿಸಿ ಹೇಳುತ್ತೇನೆ, ಏಕೆಂದರೆ ಅವಘಡಕ್ಕೆ ಹೆಚ್ಚು ಆಸ್ಪದ ಇರುವುದು ಇಲ್ಲಿಯೇ. ವಾಹನದ ಹಾಸು ನೆಲದಿಂದ 75 ಸೆಂಟಿಮೀಟರ್ ಎತ್ತರದಲ್ಲಿದೆ, ಹಲಗೆಯ ಉದ್ದ ಒಂದೂವರೆ ಮೀಟರ್ ಎಂದಿಟ್ಟುಕೊಳ್ಳಿ. ಎತ್ತರವು ಉದ್ದದ ಅರ್ಧದಷ್ಟಿದೆ. ಆದ್ದರಿಂದ ಯಂತ್ರದ ತೂಕದ ಅರ್ಧಭಾಗ ಹಲಗೆಯ ಉದ್ದಕ್ಕೂ ಕೆಳಕ್ಕೆ ಜಗ್ಗುತ್ತಿರುತ್ತದೆ. 120 ಕಿಲೋ ಯಂತ್ರವಾದರೆ 60 ಕಿಲೋ ಭಾರವನ್ನು ಕೈಯಲ್ಲಿ ತಡೆದು ಹಿಡಿದಷ್ಟು ಬಲ ಬೇಕು, ಅದೂ ಓರೆಯಾದ ಹಲಗೆಯ ಮೇಲೆ ನಿಂತು. ಹಲಗೆಯ ಉದ್ದವನ್ನು ಮೂರು ಮೀಟರಿಗೆ ಏರಿಸಿದರೆ ಜಗ್ಗುವ ಬಲ 30 ಕಿಲೋಗೆ ಇಳಿಯುತ್ತದೆ, ಇಳಿಜಾರಿನ ಕೋನ ಸುಮಾರು 30 ಡಿಗ್ರಿಯಿಂದ 15 ಡಿಗ್ರಿಯ ಒಳಕ್ಕೆ ಬರುತ್ತದೆ. ಉದ್ದನೆಯ ಹಲಗೆಯನ್ನು ಒಯ್ಯುವುದು ತೊಡಕೆನಿಸಬಹುದು, ಆದರೆ ಇಷ್ಟು ಕಡಿಮೆ ವೆಚ್ಚದಲ್ಲಿ ಇಷ್ಟು ಸುರಕ್ಷತೆ ಕೊಡುವ ಸಾಧನ ಬೇರೊಂದಿಲ್ಲ.

ಹಲಗೆಯ ಮೇಲೆ ನಮೂದಿಸಿರುವ ಭಾರಮಿತಿಗೆ ಯಂತ್ರದ ತೂಕವನ್ನಷ್ಟೇ ಹೋಲಿಸಿದರೆ ಸಾಲದು, ಅದರ ಮೇಲೆ ಹೆಜ್ಜೆಯಿಡುವ ಮನುಷ್ಯರ ತೂಕವನ್ನೂ ಕೂಡಿಸಬೇಕು. ಹಲಗೆಯ ಮೇಲ್ತುದಿಯನ್ನು ವಾಹನಕ್ಕೆ ಸರಪಳಿಯಿಂದಲೋ ಪಟ್ಟಿಯಿಂದಲೋ ಬಿಗಿಯದಿದ್ದರೆ, ಯಂತ್ರದ ಗಾಲಿ ಅದನ್ನು ಹಿಂದಕ್ಕೆ ಒದ್ದು ಜಾರಿಸಿಬಿಡುತ್ತದೆ. ವಾಹನ ಸಮತಟ್ಟಾದ ಜಾಗದಲ್ಲಿ ನಿಂತಿರಬೇಕು, ಹ್ಯಾಂಡ್‌ಬ್ರೇಕ್ ಎಳೆದಿರಬೇಕು, ಗಾಲಿಗಳಿಗೆ ಅಡ್ಡಗಟ್ಟೆ ಕೊಟ್ಟಿರಬೇಕು. ಕೈರಾಟೆಯಿದ್ದರೆ ಅದರಿಂದ ಎಳೆಯುವುದೇ ಮೇಲು. ಇಲ್ಲವಾದರೆ ಇಬ್ಬರು ಬೇಕು, ಮತ್ತು ಆ ಇಬ್ಬರಲ್ಲಿ ಯಾರೊಬ್ಬರೂ ಯಂತ್ರದ ನೇರ ಕೆಳಗೆ ನಿಲ್ಲಬಾರದು. ಕೆಳಗಿನಿಂದ ಹೆಗಲು ಕೊಟ್ಟು ತಳ್ಳುವುದು ಸಲೀಸೆಂದು ಅನಿಸುವುದು ಸಹಜ; ಆದರೆ ಕಾಲು ಜಾರಿದ ಕ್ಷಣದಲ್ಲಿ ತಳ್ಳುತ್ತಿದ್ದವರ ಎದೆಯ ಮೇಲೆಯೇ ಅದು ಬರುತ್ತದೆ. ಯಂತ್ರ ಕೈಮೀರಿತೆಂದು ತೋರಿದರೆ ಬಿಟ್ಟು ಪಕ್ಕಕ್ಕೆ ಸರಿಯಬೇಕು. ಯಂತ್ರ ಮುರಿದರೆ ದುರಸ್ತಿಗೆ ಜನ ಸಿಗುತ್ತಾರೆ.

ಮೇಲೇರಿಸಿದ ಬಳಿಕ ಕಟ್ಟುವ ಕೆಲಸ. ಸರಕು ಬಿಗಿಯುವ ಕುರಿತ ಯುರೋಪಿನ ಮಾನದಂಡವು ರಸ್ತೆ ಸಾಗಣೆಯಲ್ಲಿ ಸರಕು ಮುಂದಕ್ಕೆ ತನ್ನ ತೂಕದ 0.8 ಪಾಲು, ಪಕ್ಕಕ್ಕೂ ಹಿಂದಕ್ಕೂ 0.5 ಪಾಲು ಬಲದಿಂದ ನುಗ್ಗಬಹುದೆಂದು ಎಣಿಸುತ್ತದೆ. ಚಾಲಕ ಥಟ್ಟನೆ ಬ್ರೇಕ್ ಹಾಕಿದರೆ ನಮ್ಮ 120 ಕಿಲೋ ಯಂತ್ರ 96 ಕಿಲೋ ಬಲದಿಂದ ಮುಂದಕ್ಕೆ ಹೋಗಲು ನೋಡುತ್ತದೆ ಎಂದು ಇದರರ್ಥ. ಒಂದು ಹಗ್ಗವನ್ನು ಮೇಲಿನಿಂದ ಸುತ್ತಿದರೆ ಅದಕ್ಕೆ ತಡೆಯಾಗದು. ನಾಲ್ಕು ಮೂಲೆಗಳಿಂದ ರ‍್ಯಾಚೆಟ್ ಪಟ್ಟಿಗಳನ್ನು ಹಾಕಿ ಬಿಗಿಯಬೇಕು, ಪಟ್ಟಿಗಳು ಚಾಸಿಯ ಕಬ್ಬಿಣವನ್ನು ಹಿಡಿದಿರಬೇಕು. ಹಿಡಿಕೆಗೆ ಕಟ್ಟಿದರೆ ಹಿಡಿಕೆ ಬಾಗುತ್ತದೆ. ಕ್ಲಚ್ ಕೇಬಲ್ ಪಟ್ಟಿಯಡಿ ಸಿಕ್ಕಿಕೊಂಡರೆ ಆ ಕೆಡುಕು ಯಂತ್ರ ಚಾಲೂ ಆದಮೇಲಷ್ಟೇ ಗೊತ್ತಾಗುತ್ತದೆ. ಟ್ರೈಲರ್‌ನಲ್ಲಿ ಒಯ್ಯುವುದಾದರೆ ಭಾರವು ಅಚ್ಚಿಗಿಂತ ತುಸು ಮುಂದೆ ಬೀಳುವಂತೆ ನಿಲ್ಲಿಸಬೇಕು. ಹಿಂದೆ ಬಿದ್ದರೆ ವೇಗ ಏರಿದಂತೆ ಟ್ರೈಲರ್ ಅತ್ತಿತ್ತ ಓಲಾಡತೊಡಗುತ್ತದೆ. ಟಯರುಗಳು ಅದುರಿ ಕುಳಿತುಕೊಳ್ಳುವುದರಿಂದ, ಕೆಲವು ಕಿಲೋಮೀಟರ್ ಹೋದ ಮೇಲೆ ವಾಹನ ನಿಲ್ಲಿಸಿ ಪಟ್ಟಿಗಳನ್ನು ಮತ್ತೊಮ್ಮೆ ಬಿಗಿಯುವುದು ಒಳ್ಳೆಯದು.

ಪೆಟ್ರೋಲಿನ ವಿಷಯವೂ ಇಲ್ಲಿಗೇ ಸೇರುತ್ತದೆ. ಹೊರಡುವ ಮುನ್ನ ಟ್ಯಾಂಕಿನ ಪೆಟ್ರೋಲ್ ಕಾಕ್, ಅಂದರೆ ಪೆಟ್ರೋಲಿನ ನಲ್ಲಿ, ಮುಚ್ಚಿರಬೇಕು. ಅದು ತೆರೆದಿದ್ದರೆ ರಸ್ತೆಯ ಅಲುಗಾಟಕ್ಕೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟ್ ಕುಣಿದು, ಪೆಟ್ರೋಲ್ ಸಿಲಿಂಡರಿಗೆ ಇಳಿದು, ಅಲ್ಲಿಂದ ಎಂಜಿನ್ ಆಯಿಲ್‌ಗೆ ಬೆರೆಯುತ್ತದೆ. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ನೀರಾಗಿ ಕಂಡರೆ, ಪೆಟ್ರೋಲಿನ ವಾಸನೆ ಬಂದರೆ, ಅದನ್ನು ಬದಲಿಸುವ ತನಕ ಎಂಜಿನ್ ಚಾಲೂ ಮಾಡಬಾರದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಮತ್ತು ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ತಾಪದಲ್ಲಿಯೂ ಕಿಡಿ ತಾಕಿದರೆ ಹೊತ್ತಿಕೊಳ್ಳಬಲ್ಲದು. ಆದುದರಿಂದ ಜನರು ಕೂರುವ ಮುಚ್ಚಿದ ವಾಹನದೊಳಗೆ ಈ ಯಂತ್ರವನ್ನಾಗಲಿ ತುಂಬಿದ ಕ್ಯಾನನ್ನಾಗಲಿ ಒಯ್ಯುವುದು ಸಲ್ಲದು. ಕ್ಯಾನ್ ತುಂಬಿಸುವಾಗ ಅದನ್ನು ವಾಹನದಿಂದ ಇಳಿಸಿ ನೆಲದ ಮೇಲಿಟ್ಟೇ ತುಂಬಿಸಬೇಕು. ಪ್ಲಾಸ್ಟಿಕ್ ಹಾಸಿನ ಮೇಲಿಟ್ಟು ತುಂಬಿಸಿದರೆ ಸ್ಥಿರವಿದ್ಯುತ್ತಿನ ಕಿಡಿ ಹುಟ್ಟುವ ಸಂಭವವಿದೆ.

ಇನ್ನು ಕೆಲಸದ ಜಾಗ. ಯಂತ್ರ ಇಳಿಸುವ ಮುನ್ನ ಹುಲ್ಲುಹಾಸಿನ ಮೇಲೆ ಬರಿಗೈಯಲ್ಲಿ ಒಂದು ಸುತ್ತು ನಡೆದು ಬರಬೇಕು. ಸ್ಪ್ರಿಂಕ್ಲರ್ ತಲೆಗಳು, ವಾಲ್ವಿನ ಪೆಟ್ಟಿಗೆಗಳು, ತೋಟದ ದೀಪಗಳಿಗೆ ಎಳೆದ ತಂತಿಗಳು, ಹುದುಗಿದ ಕಲ್ಲುಗಳು, ಮರದ ಮೇಲ್ಬೇರುಗಳು ಇವೆಲ್ಲಕ್ಕೂ ಚಿಕ್ಕ ಬಾವುಟ ನೆಟ್ಟು ಗುರುತು ಹಾಕಬೇಕು. ಹಲ್ಲು ಇಳಿಯುವುದು ಏಳೆಂಟು ಸೆಂಟಿಮೀಟರ್ ಆದರೂ, ಮನೆಯವರೇ ಅಗೆದು ಹೂತ ತಂತಿ ಅಷ್ಟೇ ಆಳದಲ್ಲಿ ಇರಬಹುದು. ಮಣ್ಣಿನ ಹದ ನೋಡುವುದೂ ಸುರಕ್ಷತೆಯ ಭಾಗವೇ. ಒಣಗಿದ ನೆಲದಲ್ಲಿ ಹಲ್ಲು ಇಳಿಯದೆ ಯಂತ್ರ ಪುಟಿಯುತ್ತದೆ, ಕೈಗೆ ಹೊಡೆತ ಕೊಡುತ್ತದೆ. ಕೆಸರಾದ ನೆಲದಲ್ಲಿ ಕಾಲು ಜಾರುತ್ತದೆ, ಹಲ್ಲಿನ ಕೊಳವೆಗಳು ಕಟ್ಟಿಕೊಳ್ಳುತ್ತವೆ. ಹಿಂದಿನ ದಿನ ನೀರು ಹಾಯಿಸಿ, ಮರುದಿನ ಹಿಡಿಮಣ್ಣು ಅಮುಕಿದರೆ ಉಂಡೆಯಾಗುವ, ಆದರೆ ನೀರು ಜಿನುಗದ ಹದ ಬಂದಾಗ ಶುರುಮಾಡುವುದು ಸರಿ.

ಉಡುಪಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಬೆರಳು ಮುಚ್ಚುವ ಹಿಡಿತದ ಬೂಟು, ಉದ್ದ ಪ್ಯಾಂಟು, ಕನ್ನಡಕ, ಕೈಗವಸು. ಕಿವಿಯ ರಕ್ಷಣೆಯನ್ನು ಮಾತ್ರ ಜನ ಹಗುರವಾಗಿ ಕಾಣುತ್ತಾರೆ. ಎಂಟು ಗಂಟೆಯ ಕೆಲಸಕ್ಕೆ ನಯಾಷ್ ಸೂಚಿಸುವ ಮಿತಿ 85 ಡೆಸಿಬೆಲ್. ಅದರ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಸುರಕ್ಷಿತ ಅವಧಿ ಅರ್ಧಕ್ಕೆ ಇಳಿಯುತ್ತದೆ, ಅಂದರೆ 91 ಡೆಸಿಬೆಲ್‌ನಲ್ಲಿ ಎರಡೇ ಗಂಟೆ. ದಿನವಿಡೀ ಈ ಕೆಲಸ ಮಾಡುವವರು ಕೈಗೆ ತಾಗುವ ಅದುರಾಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೆರಳು ಬಿಳಿಚಿಕೊಂಡು ಜೋಮು ಹಿಡಿಯುವುದು ಬರೀ ದಣಿವಲ್ಲ, ರಕ್ತನಾಳ ಮತ್ತು ನರಗಳಿಗೆ ಪೆಟ್ಟಾಗುತ್ತಿರುವ ಸೂಚನೆ. ಸರದಿ ಬದಲಿಸುತ್ತ ಕೆಲಸ ಮಾಡುವುದೇ ಅದಕ್ಕೆ ದಾರಿ.

ಯಂತ್ರ ನಡೆಸುವಾಗಿನ ವಿಚಾರಕ್ಕೆ ಬರೋಣ. ಉರುಳುವ ಡ್ರಮ್ಮಿನ ಮಾದರಿಯಲ್ಲಿ ಹಲ್ಲುಗಳೇ ನೆಲವನ್ನು ಕಚ್ಚಿ ಯಂತ್ರವನ್ನು ಮುಂದಕ್ಕೆ ಎಳೆದೊಯ್ಯುತ್ತವೆ. ಕ್ಲಚ್ ಹಿಡಿದ ಕ್ಷಣವೇ ಅದು ಜಗ್ಗುತ್ತದೆ. ಅದಕ್ಕೇ ಮೊದಲ ಸಾಲನ್ನು ಥ್ರಾಟಲ್ ಇಳಿಸಿ, ಮುಂದೆ ಬಯಲಿರುವ ಕಡೆ ಶುರುಮಾಡಬೇಕು, ಗೋಡೆಗೋ ಕಾಂಪೌಂಡಿಗೋ ಎದುರಾಗಿ ಅಲ್ಲ. ಸಾಲಿನ ಕೊನೆಯಲ್ಲಿ ಲಿವರಿನಿಂದ ಹಲ್ಲುಗಳನ್ನು ಎತ್ತಿದ ಮೇಲಷ್ಟೇ ತಿರುಗಿಸಬೇಕು. ಹಲ್ಲು ನೆಲದಲ್ಲಿರುವಾಗಲೇ ಹಿಡಿಕೆ ತಿರುಚಿದರೆ ಹುಲ್ಲು ಕಿತ್ತುಬರುತ್ತದೆ, ಹಲ್ಲು ಬಾಗುತ್ತದೆ, ತಿರುಚಿದವರ ಸೊಂಟ ಹಿಡಿದುಕೊಳ್ಳುತ್ತದೆ. ಸಿಮೆಂಟಿನ ದಾರಿ ದಾಟುವಾಗಲೂ ಹಲ್ಲು ಮೇಲಿರಲೇಬೇಕು. ಯಂತ್ರವನ್ನು ತನ್ನತ್ತ ಎಳೆದುಕೊಳ್ಳುತ್ತ ಹಿಂದಕ್ಕೆ ನಡೆಯುವುದನ್ನು ಆದಷ್ಟೂ ತಪ್ಪಿಸಬೇಕು. ಎಡವಿ ಬಿದ್ದರೆ ಹಲ್ಲುಗಳ ದಾರಿಯಲ್ಲಿ ಇರುವುದು ಬಿದ್ದವರ ಪಾದಗಳೇ. ಇಳಿಜಾರಿನ ಮಿತಿ ಎಷ್ಟೆಂಬುದು, ಅಡ್ಡಕ್ಕೆ ನಡೆಸಬೇಕೋ ಏರಿಳಿವಿನ ಗುಂಟ ನಡೆಸಬೇಕೋ ಎಂಬುದು ಮಾದರಿಯಿಂದ ಮಾದರಿಗೆ ಬೇರೆಯಾದ್ದರಿಂದ ಕೈಪಿಡಿ ನೋಡಿಯೇ ತೀರ್ಮಾನಿಸಬೇಕು. ಹುಲ್ಲು ಒದ್ದೆಯಿದ್ದರೆ ಆ ಮಿತಿಯೊಳಗೂ ಜಾರುತ್ತದೆ ಎಂಬುದು ನೆನಪಿರಲಿ.

ಹಿಡಿಕೆಯ ಮೇಲಿನ ಲಿವರನ್ನು ಕೈ ಬಿಟ್ಟೊಡನೆ ಹಲ್ಲುಗಳ ಚಲನೆ ನಿಲ್ಲುವ ವ್ಯವಸ್ಥೆ ಇರುತ್ತದೆ. ಕೈ ನೋಯುತ್ತದೆಂದು ಅದನ್ನು ದಾರದಿಂದಲೋ ಟೇಪಿನಿಂದಲೋ ಒತ್ತಿ ಕಟ್ಟುವವರಿದ್ದಾರೆ. ಅನುಭವಿಗಳೇ ಹೀಗೆ ಮಾಡುವುದು ಹೆಚ್ಚೆಂಬುದು ಬೇಸರದ ಸಂಗತಿ. ನನ್ನ ಮಟ್ಟಿಗೆ, ಅಂಥ ಯಂತ್ರವನ್ನು ಕಂಡರೆ ಬಿಚ್ಚಿ ಸರಿಪಡಿಸುವ ತನಕ ಯಾರೂ ಅದನ್ನು ಮುಟ್ಟಬಾರದು. ಕೆಲಸ ಆರಂಭಿಸುವ ಮೊದಲು ಒಮ್ಮೆ ಲಿವರ್ ಬಿಟ್ಟು ಅದು ನಿಜಕ್ಕೂ ನಿಲ್ಲುತ್ತದೆಯೇ ಎಂದು ನೋಡಿಕೊಳ್ಳಬೇಕು, ಚೈನ್ ಕವರ್ ತನ್ನ ಜಾಗದಲ್ಲಿದೆಯೇ ಎಂದು ಕೂಡ.

ಹಲ್ಲಿನೊಳಗೆ ಕಲ್ಲು ಸಿಕ್ಕಿಕೊಂಡರೆ ಅದರಿಂದ ಮಣ್ಣಿನ ಉಂಡೆ ಬೀಳುವುದು ನಿಲ್ಲುತ್ತದೆ, ಸಾಲಿನಲ್ಲಿ ಒಂದು ತೂತು ತಪ್ಪಿದಂತೆ ಕಾಣುತ್ತದೆ. ಆಗ ಎಂಜಿನ್ ಆರಿಸಿ, ಎಲ್ಲ ಚಲನೆಯೂ ನಿಂತ ಮೇಲೆ ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಳಚಿ, ಅದು ಪ್ಲಗ್ಗಿಗೆ ತಾಗದಂತೆ ದೂರ ಸರಿಸಿಡಬೇಕು. ಹಲ್ಲುಗಳನ್ನು ಕೈಯಿಂದ ತಿರುಗಿಸಿದರೆ ಕೆಲವು ಮಾದರಿಗಳಲ್ಲಿ ಎಂಜಿನ್ ಕೂಡ ತಿರುಗಿ ಕಿಡಿ ಹಾರಬಹುದು. ಎತ್ತಿದ ಯಂತ್ರಕ್ಕೆ ಗಟ್ಟಿ ಆಧಾರ ಕೊಟ್ಟು, ಕಲ್ಲನ್ನು ಕಡ್ಡಿಯಿಂದಲೋ ಸ್ಕ್ರೂಡ್ರೈವರಿನಿಂದಲೋ ಹೊರನೂಕಬೇಕು, ಬೆರಳಿನಿಂದ ಅಲ್ಲ. ಬಳಸಿ ಸವೆದ ಹಲ್ಲಿನ ಅಂಚು ಚಾಕುವಿನಷ್ಟು ಹರಿತವಾಗಿರುತ್ತದೆ.

ಕೆಲಸ ಮುಗಿದಾಗ ಜನ ದಣಿದಿರುತ್ತಾರೆ, ಗಾಲಿಗೆ ಕೆಸರು ಮೆತ್ತಿರುತ್ತದೆ, ಯಂತ್ರವನ್ನು ಹೊತ್ತಿಗೆ ಸರಿಯಾಗಿ ಹಿಂದಿರುಗಿಸುವ ಅವಸರವೂ ಇರುತ್ತದೆ. ಬೆಳಗ್ಗೆ ಸುರಕ್ಷಿತವಾಗಿದ್ದ ಅದೇ ಹಲಗೆ ಸಂಜೆ ಜಾರುಬಂಡಿಯಾಗುವುದು ಹೀಗೆ. ಗಾಲಿ, ಹಲಗೆ, ಬೂಟು ಮೂರನ್ನೂ ಒರೆಸಿ, ಬೆಳಗ್ಗೆ ಬಿಚ್ಚಿದ್ದ ಭಾರಗಳನ್ನು ಮತ್ತೆ ಬಿಚ್ಚಿ, ಕಾಕ್ ಮುಚ್ಚಿ, ಸೈಲೆನ್ಸರ್ ಆರಿದ ಮೇಲೆ ಏರಿಸಬೇಕು. ಜೊತೆಗಿದ್ದವರು ಅಷ್ಟರಲ್ಲಿ ಹೊರಟುಹೋಗಿದ್ದರೆ, ಇನ್ನೊಬ್ಬರು ಬರುವ ತನಕ ಯಂತ್ರ ನೆಲದ ಮೇಲೆಯೇ ಇರಲಿ. ತಡವಾದದ್ದಕ್ಕೆ ಒಂದು ದಿನದ ಬಾಡಿಗೆ ಹೆಚ್ಚು ಕೊಡಬೇಕಾಗಿ ಬಂದರೂ ಚಿಂತೆಯಿಲ್ಲ.